ತುಂಗಭದ್ರಾ ಕಾಲುವೆ ಸೀಮೆಗೆ ಶಿಕ್ಷಕರಾಗಿ ಹೊರಟವರಿಗೆ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಶಾಲೆಗೆ ಆದೇಶ ಬಂದ ಕೂಡಲೇ ಎಲ್ಲರೂ ವಿಚಾರಿಸುವುದು ಬಿಸಿಲು ಎಷ್ಟು, ಬಾಡಿಗೆ ಎಷ್ಟು, ಬಸ್ಸು ಇದೆಯೋ ಇಲ್ಲವೋ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಆ ಊರಿನ ಹೊಲಕ್ಕೆ ಕಾಲುವೆ ನೀರು ಬರುತ್ತದೆಯೇ, ಬಂದರೆ ವರ್ಷಕ್ಕೆ ಒಂದು ಬೆಳೆಗೋ ಎರಡು ಬೆಳೆಗೋ? ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು, ಯಾವ ತಿಂಗಳು ತರಗತಿ ಅರ್ಧ ಖಾಲಿ, ಪಾಲಕರು ಯಾವಾಗ ಮನೆಯಲ್ಲಿ ಸಿಗುತ್ತಾರೆ, ರಾತ್ರಿ ಬೈಕ್ ಓಡಿಸಬಹುದೇ ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ. ಇಲಾಖೆಯ ಕ್ಯಾಲೆಂಡರ್ ಜೊತೆಗೆ ಕಾಲುವೆಯ ಕ್ಯಾಲೆಂಡರನ್ನೂ ಓದಲು ಕಲಿತವರಿಗೆ ಮೊದಲ ವರ್ಷ ಅಷ್ಟು ಭಾರವೆನಿಸುವುದಿಲ್ಲ.

ಮೊದಲು ಊರನ್ನು ಓದಿಕೊಳ್ಳಿ

ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ದಾಟಿ ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ, ಸಿರವಾರದ ಕಡೆ ಹರಿಯುತ್ತದೆ. ಬಲದಂಡೆಯ ನೀರು ಬಳ್ಳಾರಿ ಜಿಲ್ಲೆಯ ಕಂಪ್ಲಿ, ಕುರುಗೋಡು, ಸಿರುಗುಪ್ಪ ಸೀಮೆಗೆ. ಮೇಲ್ಭಾಗದ ಊರುಗಳಿಗೆ ನೀರಿನ ಭರವಸೆ ಹೆಚ್ಚು. ಕೆಳಭಾಗದವರು ಪ್ರತಿ ವರ್ಷ ಗೇಜ್ (ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ಹೋರಾಡುತ್ತಲೇ ಇರುತ್ತಾರೆ. ಕುಷ್ಟಗಿ, ಯಲಬುರ್ಗಾ ಬಹುತೇಕ ಮಳೆಯನ್ನು ನಂಬಿದ ನೆಲ. ದೇವದುರ್ಗ, ಲಿಂಗಸುಗೂರಿನ ಒಂದಷ್ಟು ಭಾಗಕ್ಕೆ ಕೃಷ್ಣೆಯ ನಾರಾಯಣಪುರ ಕಾಲುವೆ ಇದೆ, ಉಳಿದದ್ದು ಒಣ ಬೇಸಾಯ.

ನೀರಾವರಿ ಊರಿನ ವರ್ಷ ಹೀಗೆ ಸಾಗುತ್ತದೆ. ಜಲಾಶಯದ ನೀರಾವರಿ ಸಲಹಾ ಸಮಿತಿ, ಜನರ ಬಾಯಲ್ಲಿ ಐಸಿಸಿ ಸಭೆ, ಜುಲೈ ಸುಮಾರಿಗೆ ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡುತ್ತದೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನಾಟಿ, ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲು. ಡ್ಯಾಮಿನಲ್ಲಿ ನೀರು ಉಳಿದಿದ್ದರೆ ಜನವರಿಯಲ್ಲಿ ಎರಡನೇ ನಾಟಿ, ಏಪ್ರಿಲ್-ಮೇನಲ್ಲಿ ಅದರ ಕೊಯ್ಲು. ಎರಡನೇ ಬೆಳೆಗೆ ನೀರು ಸಿಗುವುದೆಂಬ ಖಾತ್ರಿ ಯಾವ ವರ್ಷವೂ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ಬೇಸಿಗೆ ಬೆಳೆಗೆ ನೀರೇ ಸಿಗಲಿಲ್ಲ; ಮರುವರ್ಷ ಡ್ಯಾಂ ತುಂಬಿತು ಅನ್ನುವಷ್ಟರಲ್ಲಿ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ನವೆಂಬರ್‌ನ ಐಸಿಸಿ ಸಭೆಯ ಸುದ್ದಿಯನ್ನು ರೈತರಷ್ಟೇ ಗಮನವಿಟ್ಟು ಶಿಕ್ಷಕರೂ ಓದಬೇಕು. ಎರಡನೇ ಬೆಳೆ ಇಲ್ಲ ಎಂದಾದರೆ ಜನವರಿಯಲ್ಲಿ ಕೂಲಿ ಕುಟುಂಬಗಳು ದುಡಿಮೆ ಅರಸಿ ಬೇರೆ ಊರಿಗೆ ಗುಳೆ ಹೊರಡುತ್ತವೆ, ಜೊತೆಗೆ ನಿಮ್ಮ ಹಾಜರಿ ಪುಸ್ತಕದ ಮಕ್ಕಳೂ.

ಊರೆಂದರೆ ಇಲ್ಲಿ ಒಂದೇ ಬಗೆಯಲ್ಲ. ಹಳೇ ಊರಿನ ಪಕ್ಕದಲ್ಲಿ ಕ್ಯಾಂಪ್ ಇರುತ್ತದೆ, ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದ ತೆಲುಗು ಕುಟುಂಬಗಳದು. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವ ನಿರಾಶ್ರಿತ ಕುಟುಂಬಗಳಿವೆ. ತಾಂಡಾದಲ್ಲಿ ಲಂಬಾಣಿ, ಪೇಟೆ ಓಣಿಯಲ್ಲಿ ಉರ್ದು. ಶಾಲೆಗೆ ಯಾವ ಯಾವ ಕೇರಿಯಿಂದ ಮಕ್ಕಳು ಬರುತ್ತಾರೆ ಎಂದು ಅಲ್ಲಿನ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಂದು ಫೋನ್ ಮಾಡಿ ಕೇಳಿದರೆ ಅರ್ಧ ಚಿತ್ರ ಸಿಕ್ಕಂತೆ.

ಹಾಜರಾಗುವ ದಿನ

ಪ್ರಾಥಮಿಕ ಶಾಲೆಗೆ ನೇಮಕಾತಿ ಆದೇಶ ಉಪನಿರ್ದೇಶಕರ ಕಚೇರಿಯಿಂದ ಬರುತ್ತದೆ. ಅದನ್ನು ಹಿಡಿದು ನೇರ ಶಾಲೆಗೆ ಹೋಗದೆ ಮೊದಲು ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವರದಿ ಮಾಡಿಕೊಳ್ಳಿ. ಮೂಲ ಅಂಕಪಟ್ಟಿಗಳು, ಜಾತಿ-ಆದಾಯ ಮತ್ತು 371(ಜೆ) (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಅನ್ವಯಿಸಿದರೆ ಅವು, ವೈದ್ಯಕೀಯ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಹತ್ತು ಭಾವಚಿತ್ರ, ಪ್ರತಿಯೊಂದರ ನಾಲ್ಕು ಸೆಟ್ ಜೆರಾಕ್ಸ್ ಒಂದೇ ಫೈಲಿನಲ್ಲಿರಲಿ. ಹೋಬಳಿ ಊರಿನಲ್ಲಿ ಕರೆಂಟ್ ಹೋದರೆ ಜೆರಾಕ್ಸ್ ಅಂಗಡಿಯೂ ಮುಚ್ಚಿದಂತೆ. ವರ್ಗಾವಣೆ ಆಗಿ ಬರುವವರು ಬಿಡುಗಡೆ ಆದೇಶ, ಕೊನೆ ವೇತನ ಪ್ರಮಾಣಪತ್ರ ಕೈಯಲ್ಲೇ ತಂದು, ಸೇವಾ ಪುಸ್ತಕ ಹೊಸ ಕಚೇರಿಗೆ ತಲುಪಿತೇ ಎಂದು ಹದಿನೈದು ದಿನಕ್ಕೊಮ್ಮೆ ಕೇಳುತ್ತಿರಬೇಕು. ಕೇಳದಿದ್ದರೆ ಅದು ಹಳೆಯ ಕಚೇರಿಯ ಬೀರುವಿನಲ್ಲೇ ಉಳಿದುಬಿಡುತ್ತದೆ, ಇಲ್ಲಿ ವೇತನ ನಿಲ್ಲುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುತ್ತವೆ. ಬೆಂಗಳೂರು, ಮೈಸೂರು ಕಡೆಯಿಂದ ರಾತ್ರಿ ಬಸ್ಸಿಗೆ ಬಂದು, ಜಳಕ ಮಾಡಿ, ನಾಷ್ಟಾ ಮುಗಿಸಿ ಹನ್ನೊಂದಕ್ಕೆ ಹೋದರೆ ಗುಮಾಸ್ತರು ಸಿಗುತ್ತಾರೆ, ಸಹಿ ಮಾಡುವವರು ಸಿಗುವುದಿಲ್ಲ. ಎಂಟೂವರೆಗೆ ಬಾಗಿಲಲ್ಲಿರಿ.

ಹೊಸ ನೇಮಕಾತಿಯವರಿಗೆ ಮೊದಲ ಸಂಬಳ ತಡ. ದಾಖಲೆಗಳ ಸಿಂಧುತ್ವ, ಎಚ್‌ಆರ್‌ಎಂಎಸ್ (ವೇತನ ತಂತ್ರಾಂಶ) ಸಂಖ್ಯೆ, ಪ್ರಾನ್ (ಪಿಂಚಣಿ ಖಾತೆ) ಸಂಖ್ಯೆ, ಖಜಾನೆಯ ನೋಂದಣಿ ಇವು ಒಂದರ ಹಿಂದೆ ಒಂದು ಆಗಬೇಕು. ಪರಿಶೀಲನೆಗೆ ಕಳಿಸಿದ ಅಂಕಪಟ್ಟಿಗೆ ವಿಶ್ವವಿದ್ಯಾಲಯ ಉತ್ತರಿಸದಿದ್ದರೆ ಉಳಿದೆಲ್ಲವೂ ಕಾಯುತ್ತದೆ. ಬಾಡಿಗೆಯ ಮುಂಗಡ ಬಿಟ್ಟು ಮೂರು ತಿಂಗಳ ಖರ್ಚಾದರೂ ಕೈಯಲ್ಲಿರಲಿ. ಸಣ್ಣ ಊರಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5 ಮಾತ್ರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಾಸ ಪೇಟೆಯಲ್ಲೋ ಹಳ್ಳಿಯಲ್ಲೋ

ಹಳ್ಳಿ ಬಸ್ಸಿನ ವೇಳೆ ಮಾಡಿರುವುದು ಹಳ್ಳಿಯವರು ಪೇಟೆಗೆ ಬಂದುಹೋಗಲು. ವಸ್ತಿ ಬಸ್ಸು ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಿಗ್ಗೆ ಆರಕ್ಕೋ ಏಳಕ್ಕೋ ಪೇಟೆಗೆ ಹೊರಡುತ್ತದೆ. ನಿಮ್ಮ ದಾರಿ ಅದಕ್ಕೆ ತಿರುಗುಮುರುಗು. ಪೇಟೆಯಿಂದ ಹಳ್ಳಿಗೆ ಹೋಗುವ ಮೊದಲ ಬಸ್ಸು ಹತ್ತೂವರೆಗೆ ತಲುಪಿದರೆ ಅಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಶನಿವಾರ ಮುಂಜಾನೆ ಸಾಲಿ. ಆ ದಿನ ಯಾವ ಬಸ್ಸೂ ಹೊಂದುವುದಿಲ್ಲ. ಮನೆ ಗೊತ್ತುಮಾಡುವ ಮೊದಲು ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಮೂರು ಮಾತು ಕೇಳಿ: ಪೇಟೆಯಿಂದ ಮೊದಲ ಗಾಡಿ ಎಷ್ಟಕ್ಕೆ, ಹಳ್ಳಿಯಿಂದ ಕೊನೆಯದು ಎಷ್ಟಕ್ಕೆ, ಜಾತ್ರೆ ಸಮಯದಲ್ಲಿ ಗಾಡಿ ಕಟ್ ಆಗುತ್ತದೆಯೇ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿ ಬಸ್ಸುಗಳನ್ನು ಎಳೆದುಕೊಳ್ಳುವುದು ಸಾಮಾನ್ಯ. ಟಂಟಂ (ಮಂದಿ ತುಂಬಿ ಓಡುವ ಆಟೋ) ಇರುತ್ತವೆ, ತುಂಬಿದ ಮೇಲೆಯೇ ಹೊರಡುತ್ತವೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಮಹಿಳೆಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರಿಗೆ ಈಗ ರೈಲೂ ಇದೆ. ಅದು ಊರಿಗೆ ಹೋಗಿಬರಲು ಅನುಕೂಲ, ಶಾಲೆಗಲ್ಲ.

ನಮ್ಮ ಸಲಹೆ: ಮೊದಲ ಆರು ತಿಂಗಳು ಶಾಲೆಯಿಂದ 10-15 ಕಿಲೋಮೀಟರ್ ಒಳಗಿನ ಹೋಬಳಿ ಊರಿನಲ್ಲಿ ಇರಿ, ಬೈಕ್ ಅಥವಾ ಸ್ಕೂಟರ್ ಇಟ್ಟುಕೊಳ್ಳಿ. ಜಿಲ್ಲಾ ಕೇಂದ್ರದಿಂದ ದಿನಾ 60 ಕಿಲೋಮೀಟರ್ ಓಡಾಡುವ ಯೋಜನೆ ಆಗಸ್ಟ್ ತಿಂಗಳ ಕೆಸರಿಗೆ ಮುಗಿಯುತ್ತದೆ.

ಕೆಸರಿನ ಮಾತು ಬಂದದ್ದರಿಂದ ಬೈಕಿನ ಬಗ್ಗೆ ಒಂದಿಷ್ಟು. ಎರಿ ಮಣ್ಣು, ಎಂದರೆ ಇಲ್ಲಿನ ಕಪ್ಪು ಮಣ್ಣು, ನೆನೆದರೆ ಅಂಟು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ, ವೇಗ ಕಡಿಮೆ ಇದ್ದರೂ ಮುಂಚಕ್ರ ಜಾಮ್ ಆಗಿ ಬೀಳುತ್ತೀರಿ. ಮೆಕ್ಯಾನಿಕ್ ಹತ್ತಿರ ಮುಂದಿನ ಮಡ್‌ಗಾರ್ಡ್ ಮೇಲಕ್ಕೆ ಎತ್ತಿಸಿಕೊಳ್ಳಿ, ಮಣ್ಣು ಕೆರೆಯಲು ಒಂದು ಗಟ್ಟಿ ಕಡ್ಡಿ ಸೀಟಿನ ಪಕ್ಕ ಸಿಕ್ಕಿಸಿಡಿ. ಕಾಲುವೆ ಏರಿಯ ಮೇಲಿನ ದಾರಿ ಹತ್ತಿರವೆಂದು ಮಳೆಯಲ್ಲಿ ಹಿಡಿಯಬೇಡಿ, ಜಾರಿದರೆ ನೀರಿಗೇ. ನವೆಂಬರ್ ಬಂತೆಂದರೆ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಗುತ್ತಿರುತ್ತದೆ, ಸುತ್ತ ಅಂಚಿಗೆ ಕಲ್ಲುಗಳ ಸಾಲು. ಹಗಲಲ್ಲಿ ಕಾಣುತ್ತದೆ, ಏಳು ಗಂಟೆಯ ನಂತರ ಕಾಣುವುದಿಲ್ಲ. ಮೇಲೆ ಹೊದಿಸಿದ ಕಪ್ಪು ತಾಡಪಾಲು ರಸ್ತೆಯ ಬಣ್ಣಕ್ಕೆ ಬೆರೆತುಹೋಗುತ್ತದೆ. ಹುಲ್ಲು ತುಂಬಿದ ಟ್ರ್ಯಾಲಿಗೆ ಹಿಂದೆ ದೀಪವಿರುವುದಿಲ್ಲ. ಕೊಯ್ಲಿನ ಎರಡು ತಿಂಗಳು ಕತ್ತಲಾಗುವ ಮೊದಲೇ ಮನೆ ಸೇರುವ ಹಾಗೆ ದಿನವನ್ನು ಹೊಂದಿಸಿಕೊಳ್ಳಿ.

ಬಾಡಿಗೆ ಮನೆ

ಹುಡುಕಲು ಸರಿಯಾದ ಕಾಲ ಏಪ್ರಿಲ್ ಕೊನೆ ಅಥವಾ ಮೇ. ಮನೆಯ ದೊಡ್ಡ ದೋಷಗಳೆರಡು, ನೀರು ಮತ್ತು ಕಾವು, ಆಗ ಮುಚ್ಚಿಡಲು ಆಗುವುದಿಲ್ಲ. ಸಾಮಾನು ಕೂಡ ಮೊದಲ ಮಳೆಗೆ ಮುಂಚೆಯೇ ಬಂದುಬಿಡಲಿ. ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಓಣಿಯೊಳಗೆ ಟಾಟಾ ಏಸ್ ಹೂತುಕೊಳ್ಳುತ್ತದೆ.

ನೀರಿನಿಂದ ಶುರುಮಾಡಿ. ಕಾಲುವೆ ಊರುಗಳ ಕುಡಿಯುವ ನೀರು ಬಹಳ ಕಡೆ ಕೆರೆಯಿಂದ, ಆ ಕೆರೆ ತುಂಬುವುದು ಕಾಲುವೆಯಿಂದ. ಬೇಸಿಗೆಯಲ್ಲಿ ಕಾಲುವೆ ನಿಂತರೆ ಕೆರೆಯಲ್ಲಿದ್ದದ್ದನ್ನೇ ಮಳೆಗಾಲದವರೆಗೆ ಎಳೆಯಬೇಕು, ಆಗ ನಳದ ಸರದಿ ದೂರ ದೂರ ಆಗುತ್ತದೆ. ಮಾಲೀಕರು ‘ನೀರಿಗೇನೂ ತೊಂದ್ರಿ ಇಲ್ರಿ’ ಅನ್ನುತ್ತಾರೆ. ನೀವು ಪಕ್ಕದ ಮನೆಯ ಹೆಂಗಸರನ್ನು ಕೇಳಿ: ಮೇ ತಿಂಗಳಲ್ಲಿ ನಳ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಹಗಲೋ ರಾತ್ರಿಯೋ. ಲೆಕ್ಕ ಸರಳ. ಒಬ್ಬರಿಗೆ ಜಳಕ, ಬಟ್ಟೆ, ಪಾತ್ರೆ, ಶೌಚ ಸೇರಿ ದಿನಕ್ಕೆ 80 ಲೀಟರ್ ಹಿಡಿಯಿರಿ. ಇಬ್ಬರಿದ್ದು, ನಳ ಎಂಟು ದಿನಕ್ಕೊಮ್ಮೆ ಬಂದರೆ 1,280 ಲೀಟರ್. ಎಂದರೆ ಮೇಲೊಂದು 500 ಲೀಟರಿನ ಸಿಂಟೆಕ್ಸ್ ಇದೆ ಎಂಬ ಮನೆ ಸಾಲದು. ನೆಲದೊಳಗೆ ಸಂಪು ಬೇಕು, ಸಂಪಿಗೆ ಮೋಟಾರು ಬೇಕು, ಮುಚ್ಚಳ ಗಟ್ಟಿ ಇರಬೇಕು. ಎರಡು ಮನೆಗೆ ಒಂದೇ ಸಂಪು ಆದರೆ ಮೋಟಾರಿನ ಸ್ವಿಚ್ ಯಾರ ಮನೆಯೊಳಗಿದೆ ನೋಡಿ. ಜಗಳ ಹುಟ್ಟುವುದು ಅಲ್ಲಿಂದಲೇ.

ಕುಡಿಯುವ ನೀರಿನ ಲೆಕ್ಕ ಬೇರೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಾನ್ವಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಿವೆ. ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕದ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತರುವುದೇ ದಾರಿ. ಘಟಕ ಆಗಾಗ ಕೆಡುತ್ತದೆ, ಆದ್ದರಿಂದ ಎರಡು ಕ್ಯಾನು ಇಟ್ಟುಕೊಳ್ಳಿ. ಕಾಲುವೆ-ಕೆರೆ ನೀರಿನಲ್ಲಿ ಫ್ಲೋರೈಡ್ ಭಯ ಕಡಿಮೆ, ಅದರಲ್ಲಿ ರೋಗಾಣುವಿನ ಭಯ. ಅದನ್ನು ಕುದಿಸಿಯೇ ಕುಡಿಯಿರಿ, ಮುಖ್ಯವಾಗಿ ಕಾಲುವೆಗೆ ಹೊಸ ನೀರು ಬಂದ ವಾರಗಳಲ್ಲಿ.

ಎರಡನೆಯದು ಕಾವು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮೇಲ್ಮಹಡಿಯ ಆರ್‌ಸಿಸಿ ಮನೆ ಹಗಲೆಲ್ಲ ಕಾದು ರಾತ್ರಿ ಎರಡರವರೆಗೆ ಒಳಗೆ ಕಾವು ಇಳಿಸುತ್ತದೆ. ಮೇಲೆ ಇನ್ನೊಂದು ಮಹಡಿ ಇರುವ ಕೆಳಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಹಿಡಿಯಿರಿ. ಹಳೇ ಮಣ್ಣಿನ ಮಾಳಿಗೆ ಮನೆ ಇನ್ನೂ ತಂಪು. ಆದರೆ ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಿಸುವುದು ಯಾರ ಪಾಲು ಎಂದು ಮೊದಲೇ ಮಾತಾಡಿ. ಮೇಲ್ಮಹಡಿಯೇ ಗತಿ ಎಂದಾದರೆ ಫೆಬ್ರುವರಿ ಕೊನೆಗೆ ಮಾಳಿಗೆ ಮೇಲೆ ಎರಡು ಕೈ ಸುಣ್ಣ ಬಳಿಸಿ. ಏರ್‌ಕೂಲರ್ ಮಾರ್ಚ್‌ನಿಂದ ಮೇ ನಡುವಿನವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿ ಒಣಗಿರುವುದರಿಂದ. ಜುಲೈಯಲ್ಲಿ ಸುತ್ತ ಗದ್ದೆಗಳೆಲ್ಲ ನೀರು ತುಂಬಿ ನಿಂತಾಗ ಅದೇ ಕೂಲರ್ ಕೋಣೆಯನ್ನು ಬೆವರುಮನೆ ಮಾಡುತ್ತದೆ. ಆಗ ಫ್ಯಾನ್ ಸಾಕು. ಒಂದು ರಾತ್ರಿಗೆ 40-50 ಲೀಟರ್ ನೀರು ಕುಡಿಯುವ ಕೂಲರನ್ನು ಮೇಲಿನ ನೀರಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರನೆಯದು ರೈಸ್‌ಮಿಲ್. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಹೊಸಬರಿಗೆ ಇದು ಹೊಳೆಯುವುದೇ ಇಲ್ಲ. ಮಿಲ್ಲಿನ ಬಾಯ್ಲರ್ ಉರಿಸುವುದು ಭತ್ತದ ಹೊಟ್ಟಿನಿಂದ, ಅದರ ಕರಿ ಬೂದಿ ಗಾಳಿಗೆ ಹಾರಿ ಒಣಹಾಕಿದ ಬಟ್ಟೆ, ಸಂಪು, ಕಣ್ಣು ಎಲ್ಲದಕ್ಕೂ ಬೀಳುತ್ತದೆ. ಮನೆ ನೋಡಲು ಹೋದಾಗ ಮಾಳಿಗೆ ಹತ್ತಿ ಪ್ಯಾರಾಪೆಟ್ ಮೇಲೆ ಬೆರಳು ಎಳೆಯಿರಿ. ಬೆರಳು ಕಪ್ಪಾದರೆ ಬೇರೆ ಓಣಿ ನೋಡಿ. ಉಬ್ಬಸ ಇರುವವರು ಅಂತೂ ಈ ಪರೀಕ್ಷೆ ಬಿಡಲೇಬಾರದು, ಯಾಕೆಂದರೆ ಕೊಯ್ಲಿನ ನಂತರ ಗದ್ದೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದ ಹೊಗೆಯೂ ಇದಕ್ಕೆ ಕೂಡುತ್ತದೆ.

ಎರಿ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಪಾಯ ಆಳವಿಲ್ಲದ ಮನೆಯ ಬಾಗಿಲು-ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲು ಹಾಕಿದರೆ ಕೂರುವುದಿಲ್ಲ. ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಬೆರಳು ತೂರುವಂಥದ್ದಾದರೆ ಅಲ್ಲಿಂದ ಚೇಳು ಕೂಡ ಬರುತ್ತದೆ.

ಪ್ರತ್ಯೇಕ ಮೀಟರ್ ಇದೆಯೇ ನೋಡಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಬರೆದುಕೊಳ್ಳಿ. 11 ತಿಂಗಳ ಕರಾರು ಪತ್ರ ಮಾಡಿಸಿದರೆ ಗೃಹಜ್ಯೋತಿಗೆ, ಗ್ಯಾಸಿಗೆ ವಿಳಾಸದ ದಾಖಲೆಯಾಗಿ ಅದು ಬಳಕೆಗೆ ಬರುತ್ತದೆ. ಕರೆಂಟಿನ ಕಂಪನಿ ಜೆಸ್ಕಾಂಗೆ ದೂರು ಕೊಡಲು 1912.

ಇನ್ನು, ‘ನೀವ್ ಯಾವ ಮಂದಿ’ ಎಂಬ ಪ್ರಶ್ನೆ. ಬಾಡಿಗೆ ಕೊಡುವ ಮೊದಲು ಜಾತಿ ಕೇಳುವುದು ಇಲ್ಲಿ ಮುಚ್ಚುಮರೆಯಿಲ್ಲದ ರೂಢಿ. ಸುಳ್ಳು ಹೇಳಿ ಸೇರಿದರೆ ಆರು ತಿಂಗಳಲ್ಲಿ ಮನೆ ಖಾಲಿ ಮಾಡಿಸುತ್ತಾರೆ, ಶಾಲೆಯಲ್ಲೂ ಮಾತು ಹಬ್ಬುತ್ತದೆ. ನೌಕರರೇ ಹೆಚ್ಚಾಗಿರುವ ಹೊಸ ಲೇಔಟುಗಳಲ್ಲಿ, ಬ್ಯಾಂಕಿನವರು, ನರ್ಸ್‌ಗಳು ಇರುವ ಕಡೆ ಈ ಕಿರಿಕಿರಿ ಕಡಿಮೆ. ಸಹೋದ್ಯೋಗಿಯೊಬ್ಬರನ್ನು ಮುಂದಿಟ್ಟುಕೊಂಡು ಹೋಗುವುದು ಒಳ್ಳೆಯದು.

ಸೊಳ್ಳೆ, ಹಾವು, ಅಕ್ಕಿ

ಗದ್ದೆಯ ನಿಂತ ನೀರೆಂದರೆ ಸೊಳ್ಳೆ. ಮಿದುಳು ಜ್ವರ ಎಂದು ಕರೆಯುವ ಜಪಾನೀಸ್ ಎನ್ಸೆಫಲೈಟಿಸ್ ಈ ಭಾಗದಲ್ಲಿ ಹಿಂದಿನಿಂದಲೂ ಇದೆ. ಅದನ್ನು ಹರಡುವ ಸೊಳ್ಳೆ ಗದ್ದೆ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಪುಟ್ಟ ಮಕ್ಕಳನ್ನು ಕರೆತರುವವರು ಜೆಇ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಆಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಿಟಕಿಗೆ ಜಾಲರಿ, ಮಲಗಲು ಪರದೆ ಎರಡೂ ಬೇಕು.

ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ತಾಲೂಕು ಆಸ್ಪತ್ರೆಗೆ. ಶಾಲೆಯ ಗೋಡೆಯ ಮೇಲೆ ಈ ಮೂರು ಸಾಲು ಬರೆಸಿಟ್ಟರೆ ಮಕ್ಕಳ ಮನೆಗೂ ಮುಟ್ಟುತ್ತದೆ.

ಅಕ್ಕಿ ಮಿಲ್ಲಿನಿಂದಲೇ 25 ಕಿಲೋ ಚೀಲ ತರಬಹುದು. ಡಿಸೆಂಬರ್, ಜನವರಿಯಲ್ಲಿ ಸಿಗುವುದು ಹೊಸ ಅಕ್ಕಿ. ಎಂದಿನಷ್ಟು ನೀರಿಟ್ಟರೆ ಮುದ್ದೆಯಾಗುತ್ತದೆ. ‘ಹಳೇ ಸೋನಾ ಮಸೂರಿ’ ಎಂದು ಕೇಳಿ ತನ್ನಿ. ರೊಟ್ಟಿ ಬಡಿಯಲು ಬರದವರಿಗೆ ಖಡಕ್ ರೊಟ್ಟಿ ಮಾರುವ ಮನೆ ಪ್ರತಿ ಓಣಿಯಲ್ಲೂ ಇರುತ್ತದೆ.

ಶಾಲೆಯ ಮೊದಲ ತಿಂಗಳು

ಸಣ್ಣ ಶಾಲೆಗಳಲ್ಲಿ ಕಾಯಂ ಶಿಕ್ಷಕರು ಒಬ್ಬಿಬ್ಬರು, ಉಳಿದವರು ಅತಿಥಿ ಶಿಕ್ಷಕರು. ಆದ್ದರಿಂದ ಬಂದ ವಾರವೇ ನಿಮ್ಮನ್ನು ಪ್ರಭಾರಿ ಮುಖ್ಯ ಶಿಕ್ಷಕರನ್ನಾಗಿ ಮಾಡುವ ಸಂಭವ ಇದೆ. ಚಾರ್ಜ್ ಪಟ್ಟಿಗೆ ಸಹಿ ಹಾಕುವ ಮೊದಲು ನಾಲ್ಕನ್ನು ಕಣ್ಣಾರೆ ನೋಡಿ: ಕ್ಯಾಶ್‌ಬುಕ್ಕಿನ ಶಿಲ್ಕು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜಂಟಿ ಖಾತೆಯ ಪಾಸ್‌ಬುಕ್ ಮೊತ್ತ ಒಂದೇ ಇದೆಯೇ, ಓಚರ್‌ಗಳಿವೆಯೇ, ಟ್ಯಾಬ್-ಟಿವಿ-ಬೆಂಚು ದಾಸ್ತಾನು ಪುಸ್ತಕದಂತೆ ಇವೆಯೇ, ಮತ್ತು ಬಿಸಿಯೂಟದ ಅಕ್ಕಿ. ಅಕ್ಕಿಯನ್ನು ಚೀಲ ಎಣಿಸಿ ಒಪ್ಪಿಕೊಳ್ಳಬೇಡಿ, ತೂಗಿಸಿ. 50 ಕಿಲೋ ಎಂದು ಬರೆದ ಚೀಲದಲ್ಲಿ ಇಲಿ ತಿಂದು, ಉದುರಿ ಕಡಿಮೆಯಾದದ್ದು ಮುಂದೆ ನಿಮ್ಮ ಹೆಸರಿಗೆ ಬರುತ್ತದೆ.

ದಿನದ ಲೆಕ್ಕ: 1ರಿಂದ 5ನೇ ತರಗತಿಗೆ ಮಗುವಿಗೆ 100 ಗ್ರಾಂ ಅಕ್ಕಿ, 6ರಿಂದ 8ಕ್ಕೆ 150 ಗ್ರಾಂ. ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, ಅದರಿಂದ ಆಗುವ ಹಾಲು 150 ಮಿಲಿ. ಕೆಳತರಗತಿಯಲ್ಲಿ 60, ಮೇಲೆ 40 ಮಕ್ಕಳು ಉಂಡರೆ ಅಕ್ಕಿ 12 ಕಿಲೋ. ಹಾಜರಿ 100, ಉಂಡವರು 82 ಎಂಬ ದಿನ 82 ಎಂದೇ ಬರೆಯಿರಿ. ಹಾಜರಿಯನ್ನೇ ಊಟದ ಕಾಲಮ್ಮಿಗೆ ಇಳಿಸುವ ಅಭ್ಯಾಸದಿಂದ ತಿಂಗಳ ಕೊನೆಗೆ ಅಕ್ಕಿ ಹೊಂದದೆ ಕೂತು ತಿದ್ದಬೇಕಾಗುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿ. ಆಗಸ್ಟ್‌ನ ತೇವಕ್ಕೆ ಗೋಡೆಗೆ ತಾಗಿದ ಚೀಲದಲ್ಲೇ ಮೊದಲು ಹುಳು ಬೀಳುವುದು.

ತರಗತಿಗೆ ಬಂದರೆ, ಪಾಠ ಶುರುಮಾಡುವ ಮೊದಲು ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಓದಿಸಿ ನೋಡಿ. ಒಬ್ಬರಿಗೆ ಮೂರು ನಿಮಿಷ, 40 ಮಕ್ಕಳಿಗೆ ಎರಡು ತಾಸು. ಎರಡು ದಿನದಲ್ಲಿ ಮುಗಿಯುತ್ತದೆ. ಅಕ್ಷರ, ಪದ, ವಾಕ್ಯ, ಪ್ಯಾರಾ ಎಂದು ನಾಲ್ಕು ಗೆರೆ ಎಳೆದು ಹೆಸರು ಬರೆಯಿರಿ. ಆರನೇ ತರಗತಿಯಲ್ಲಿ ಪದದ ಗೆರೆ ದಾಟದ ಮಕ್ಕಳು ಸಿಕ್ಕರೆ ಗಾಬರಿ ಬೇಡ, ಅಡ್ಡಹೆಸರಿಡುವುದೂ ಬೇಡ. ಹೆಸರಿನ ಮುಂದೆ ಮನೆಮಾತು ಬರೆದುಕೊಳ್ಳಿ. ತೆಲುಗು, ಲಂಬಾಣಿ, ಉರ್ದು, ಬಂಗಾಳಿ ಮನೆಮಾತಿನ ಮಗು ಕನ್ನಡವನ್ನು ಕೇಳುವುದೇ ಶಾಲೆಯಲ್ಲಿ ಎಂದಾದರೆ, ಅದಕ್ಕೆ ಬೇಕಿರುವುದು ಮೊದಲು ಮಾತಿನ ಅವಕಾಶ, ಆಮೇಲೆ ಅಕ್ಷರ.

ಕನ್ನಡ ಮನೆಮಾತಿನ ಮಕ್ಕಳಲ್ಲೂ ಒಂದು ತಪ್ಪು ಬಹಳ ಕಾಣುತ್ತದೆ: ಮನಿ, ಗದ್ದಿ, ಸಾಲಿ, ತಲಿ. ಪದದ ಕೊನೆಯ ಎಕಾರ ಇಲ್ಲಿನ ಮಾತಿನಲ್ಲಿ ಇಕಾರ, ಮಗು ಕೇಳಿದ್ದನ್ನೇ ಬರೆಯುತ್ತದೆ. ಕೆಂಪು ಶಾಯಿಯಲ್ಲಿ ಒಂದೊಂದಾಗಿ ತಿದ್ದಿ ಸುಸ್ತಾಗುವ ಬದಲು ‘ಮಾತಿನಲ್ಲಿ ಮನಿ, ಬರಹದಲ್ಲಿ ಮನೆ’ ಎಂದು ಹತ್ತು ಜೋಡಿ ಪದ ಗೋಡೆಗೆ ಹಾಕಿ, ವಾರವೊಂದು ಆಟವಾಡಿಸಿ. ಒಂದು ನಿಯಮ ತಿಳಿದರೆ ನೂರು ಪದ ಸರಿಹೋಗುತ್ತವೆ. ಚಿತ್ರದಲ್ಲಿನ ಈರುಳ್ಳಿಗೆ ಮಗು ಉಳ್ಳಾಗಡ್ಡಿ ಅಂದರೆ, ಮೊಟ್ಟೆಗೆ ತತ್ತಿ ಅಂದರೆ ಅದು ತಪ್ಪಲ್ಲ. ದಕ್ಷಿಣದಿಂದ ಬಂದವರು ಮಕ್ಕಳ ಮಾತಿಗೆ ನಗುವುದೊಂದನ್ನು ಬಿಟ್ಟರೆ ಅರ್ಧ ಗೆದ್ದಂತೆ. ದೊಡ್ಡವರ ಜೊತೆ ‘ರೀ’ ಮರೆಯಬೇಡಿ. ‘ಬನ್ನಿ’ ಗಿಂತ ‘ಬರ್ರಿ’ ಇಲ್ಲಿ ಬೇಗ ಒಳಗೆ ಕರೆಯುತ್ತದೆ.

ಹಾಜರಿ ಯಾವಾಗ ಕುಸಿಯುತ್ತದೆ

ಭತ್ತದ ಕೊಯ್ಲಿಗೆ ಮಕ್ಕಳು ತಪ್ಪಿಸುತ್ತಾರೆ ಎಂದು ಹೊರಗಿನವರು ಊಹಿಸುತ್ತಾರೆ. ಕೊಯ್ಲನ್ನು ಈಗ ಮಿಷನ್ ಮಾಡುತ್ತದೆ. ಮಕ್ಕಳನ್ನು ಎಳೆಯುವುದು ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ನಾಟಿಯ ಹೊತ್ತಿಗೆ ತಾಯಂದಿರು ಗುಂಪುಕಟ್ಟಿ ಬೆಳಿಗ್ಗೆಯೇ ಟಂಟಂ ಹತ್ತುತ್ತಾರೆ; ಮನೆಯ ಕೂಸು ಐದನೇ ತರಗತಿಯ ಅಕ್ಕನ ಕಂಕುಳಿಗೆ ಬರುತ್ತದೆ. ಹತ್ತಿ ಸೀಮೆಯಲ್ಲಿ ಅಕ್ಟೋಬರ್‌ನಿಂದ ಜನವರಿ, ಸಿರುಗುಪ್ಪ, ಕುರುಗೋಡಿನ ಮೆಣಸಿನಕಾಯಿ ಹೊಲಗಳಲ್ಲಿ ಜನವರಿಯಿಂದ ಮಾರ್ಚ್.

ಇದಕ್ಕೆ ತಕ್ಕಂತೆ ಪಾಠ ಹಂಚಿಕೊಳ್ಳಿ. ಭಿನ್ನರಾಶಿ, ಭಾಗಾಕಾರದಂಥ ಒಂದು ದಿನ ತಪ್ಪಿದರೆ ಕೊಂಡಿ ಕಳಚುವ ಪಾಠಗಳನ್ನು ಜೂನ್ ಕೊನೆಯಿಂದ ಜುಲೈ ನಡುವೆ, ಮತ್ತೆ ಸೆಪ್ಟೆಂಬರ್‌ನಲ್ಲಿ ಮಾಡಿ. ಆಗಸ್ಟ್‌ನಲ್ಲಿ ಪುನರಾವರ್ತನೆ, ಗುಂಪು ಚಟುವಟಿಕೆ. ಕೂಸನ್ನು ಎತ್ತಿಕೊಂಡು ಬರುವ ಹುಡುಗಿಯನ್ನು ವಾಪಸ್ ಕಳಿಸಬೇಡಿ. ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತಾಡಿ ಕೂಸನ್ನು ಅಲ್ಲಿ ಬಿಡಿಸಿದರೆ ಆಕೆಯ ಹಾಜರಿ ಉಳಿಯುತ್ತದೆ. ನಾಗರಪಂಚಮಿ, ಎಳ್ಳಮಾವಾಸ್ಯೆ, ಮೊಹರಂ ದಿನಗಳ ಹಿಂದುಮುಂದು ಶಾಲೆ ತುಂಬುವುದಿಲ್ಲ. ಮುದಗಲ್ ಸುತ್ತ ಮೊಹರಂ ಎಂದರೆ ಎಲ್ಲ ಜಾತಿಯವರ ಹಬ್ಬ. ಆ ವಾರ ಕಿರುಪರೀಕ್ಷೆ ಇಡಬೇಡಿ.

ಗುಳೆ ಹೊರಡುವ ಕುಟುಂಬ ಹೇಳಿ ಹೋಗುವುದಿಲ್ಲ, ಆದರೆ ಹೊರಡುವ ಮೊದಲು ಅಂಗಡಿಯ ಉದ್ರಿ (ಸಾಲ) ತೀರಿಸುತ್ತದೆ, ಇಲ್ಲವೇ ಮೇಸ್ತ್ರಿಯಿಂದ ಮುಂಗಡ ತಂದಿರುತ್ತದೆ. ಅಂಗಡಿಯವರಿಗೆ ಮೊದಲು ಗೊತ್ತಾಗುತ್ತದೆ. ಮಗುವನ್ನು ಅಜ್ಜಿಯ ಹತ್ತಿರ ಬಿಡಿಸಲು ಆದರೆ ಅದೇ ಒಳ್ಳೆಯದು. ಇಲಾಖೆ ಋತುಮಾನದ ವಸತಿ ವ್ಯವಸ್ಥೆ ತೆರೆದಿದ್ದರೆ ಅಲ್ಲಿಗೆ. ಹೋಗಿಯೇ ಹೋಗುತ್ತಾರೆ ಎಂದಾದರೆ ಹೋಗುವ ಊರು, ಮೇಸ್ತ್ರಿಯ ಫೋನ್, ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಒಂದು ಪ್ರತಿ ತಂದೆಗೆ ಕೊಡಿ. ವರ್ಗಾವಣೆ ಪತ್ರ ಇಲ್ಲವೆಂದು, ವರ್ಷದ ನಡುವೆ ಬಂದರೆಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ; 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ತಂದೆಗೆ ಇದು ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಪಾಲಕರ ಸಭೆಯನ್ನು ಹಗಲು ಮೂರಕ್ಕೆ ಕರೆದರೆ ಮುದುಕರಷ್ಟೇ ಬರುತ್ತಾರೆ. ಅಮಾವಾಸ್ಯೆ ದಿನ ಹೊಲದ ಕೆಲಸ ಕಡಿಮೆ, ಆ ದಿನ ಬೆಳಿಗ್ಗೆ ಕರೆಯಿರಿ. ತಾಂಡಾ, ಕ್ಯಾಂಪಿಗೆ ನೀವೇ ಸಂಜೆ ಹೋಗಿ ನಿಂತರೆ ಸಭೆಗಿಂತ ಹೆಚ್ಚು ಕೆಲಸ ಆಗುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರು ಪಾಲಕರಲ್ಲೇ ಒಬ್ಬರು, ಊರಿನ ಒಂದು ಪಕ್ಷಕ್ಕೂ ಸೇರಿದವರಾಗಿರಬಹುದು. ಚಹಾಕ್ಕೆ ಕರೆದರೆ ಹೋಗಿ, ಆದರೆ ದಿನವೂ ಒಬ್ಬರದೇ ಕಟ್ಟೆಯ ಮೇಲೆ ಕೂರಬೇಡಿ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಇನ್ನೊಂದು ಓಣಿಯ ಮಕ್ಕಳು ನಿಮ್ಮಿಂದ ದೂರವಾಗುತ್ತಾರೆ.

ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲು

ಏಪ್ರಿಲ್ ಎರಡನೇ ವಾರ ರಜೆ ಶುರು ಎಂದು ಮಾರ್ಚ್‌ನಲ್ಲೇ ಟಿಕೆಟ್ ಮಾಡಿಸುವುದು ಸಹಜ. ತಾಲೂಕು ಬರಪೀಡಿತ ಎಂದು ಘೋಷಣೆಯಾಗಿದ್ದರೆ, 2024ರಲ್ಲಿ ಆದಂತೆ, ರಜೆಯಲ್ಲೂ ಬಿಸಿಯೂಟ ನಡೆಯುತ್ತದೆ ಮತ್ತು ಅದಕ್ಕೆ ಶಿಕ್ಷಕರ ಸರದಿ ಹಾಕುತ್ತಾರೆ. ಬಿಇಒ ಕಚೇರಿಯ ಸುತ್ತೋಲೆ ಬಂದ ಮೇಲೆ ಸಹೋದ್ಯೋಗಿಗಳ ಜೊತೆ ಕೂತು ದಿನಗಳನ್ನು ಹಂಚಿಕೊಂಡು, ಆಮೇಲೆ ಟಿಕೆಟ್ ತೆಗೆಯಿರಿ. ಉಳಿದ ಅಕ್ಕಿ ತೂಗಿ ಪುಸ್ತಕದಲ್ಲಿ ಬರೆದು ಮುಖ್ಯ ಅಡುಗೆಯವರ ಸಹಿ ಪಡೆಯಿರಿ, ಶಾಲೆಯ ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆ ಎಂದು ಬರೆದಿಡಿ. ಮನೆಯಲ್ಲಿ ಕೂಲರಿನ ನೀರು ಪೂರ್ತಿ ಚೆಲ್ಲಿ ಹುಲ್ಲಿನ ಪ್ಯಾಡ್ ಒಣಗಿಸಿ, ಇಲ್ಲದಿದ್ದರೆ ಗಡಸು ನೀರಿನ ಬಿಳಿ ಉಪ್ಪು ಕಲ್ಲುಗಟ್ಟಿ ಮುಂದಿನ ಮಾರ್ಚ್‌ಗೆ ಪಂಪು ತಿರುಗುವುದಿಲ್ಲ. ನಳದ ಚಾವಿ ಮುಚ್ಚಿ ಹೋಗಿ; ತೆರೆದಿಟ್ಟ ನಳಕ್ಕೆ ನೀವಿಲ್ಲದ ರಾತ್ರಿ ನೀರು ಬಂದರೆ ಸಂಪು ತುಂಬಿ ಓಣಿಗೆ ಹರಿಯುತ್ತದೆ, ಮೇ ತಿಂಗಳಲ್ಲಿ ಅದನ್ನು ಓಣಿಯವರು ಸುಮ್ಮನೆ ಬಿಡುವುದಿಲ್ಲ.